ನಾಲ್ಕು ಭಾಷೆಯ ನಮ್ಮ ಸಂಘದ ಕೋಣೆ

ಈಚೆಗೆ ಬೀದರಿನ ನಮ್ಮ ಪತ್ರಕರ್ತರ ಸಂಘದವರು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆಂದು ಒಂದು ತರಬೇತಿ ಇಟ್ಟಿದ್ದರು. ನಿವೃತ್ತಳಾದ ಮೇಲೆ ಇಂಥ ಕಾರ್ಯಕ್ರಮಗಳಿಗೆಲ್ಲ ನನ್ನನ್ನು ಕರೆಯುತ್ತಾರೆ, ನಾನೂ ಖುಷಿಯಿಂದ ಹೋಗುತ್ತೇನೆ. ನನ್ನ ಮಾತು ಮುಗಿದ ಮೇಲೆ ಭಾಲ್ಕಿಯಿಂದ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಈಗ ಕೈಯಾಗ ಫೋನ್ ಇದ್ರ ಸಾಕು, ಸುದ್ದಿ ಹೋಗ್ತದ. ಸಂಘ ಯಾತಕ್ಕ ಬೇಕ್ರಿ?”

ಎಲ್ಲರೂ ನಕ್ಕರು. ನಾನು ಗುರುತಿನ ಚೀಟಿ, ಬಸ್ ಪಾಸು, ಆರೋಗ್ಯ ವಿಮೆ ಎಂದು ಏನೇನೋ ಹೇಳಿ ಕುಳಿತೆ. ಮನೆಗೆ ಬರುವ ದಾರಿಯಲ್ಲಿ ನನಗೇ ಬೇಸರವಾಯಿತು. ಅವಳು ಒಳ್ಳೆಯ ಪ್ರಶ್ನೆ ಕೇಳಿದ್ದಳು. ಅದಕ್ಕೆ ವೇದಿಕೆಯ ಮೇಲೆ ನಿಂತು ಒಂದೆರಡು ವಾಕ್ಯಗಳಲ್ಲಿ ಉತ್ತರ ಕೊಡಲು ಬರುವುದಿಲ್ಲ. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ.

ನಮ್ಮದು ಮೆಥೋಡಿಸ್ಟ್ ಕುಟುಂಬ. ತಾಯಿ ಆಸ್ಪತ್ರೆಯಲ್ಲಿ ನರ್ಸ್, ತಂದೆ ಜನವಾಡದ ಶಾಲೆಯಲ್ಲಿ ಮಾಸ್ತರರು. ನಾನೂ ಮಾಸ್ತರಿಕೆಗೇ ಹೋಗಬೇಕಾದವಳು. ಬಿ.ಎ. ಮುಗಿಸಿ ಮನೆಯಲ್ಲಿದ್ದಾಗ ಜನವಾಡಕ್ಕೆ ಬರುತ್ತಿದ್ದ ಬಸ್ಸು ಮಳೆಗಾಲದ ನೆಪ ಹೇಳಿ ನಿಂತುಹೋಯಿತು. ಮಳೆಗಾಲ ಮುಗಿದರೂ ಬರಲಿಲ್ಲ. ಬೀದರಿನ ಕಾಲೇಜಿಗೆ ಹೋಗುವ ಹುಡುಗಿಯರು ಒಬ್ಬೊಬ್ಬರಾಗಿ ಓದು ಬಿಟ್ಟರು. ಅದನ್ನು ನಾನು ಒಂದು ಕನ್ನಡ ದಿನಪತ್ರಿಕೆಗೆ ಬರೆದು ಕಳುಹಿಸಿದೆ. ಅಚ್ಚಾಯಿತು. ಮುಂದಿನ ವಾರ ಬಸ್ಸು ಬಂತು. ಪತ್ರಿಕೆಯವರು ಇನ್ನಷ್ಟು ಬರೆಯಿರಿ ಎಂದರು, ಆಮೇಲೆ ಬೀದರಿಗೆ ಪೂರ್ಣಾವಧಿ ವರದಿಗಾರ್ತಿಯಾಗಿ ತೆಗೆದುಕೊಂಡರು. ನನ್ನ ವೃತ್ತಿ ಶುರುವಾದದ್ದು ಹೀಗೆ.

ಸಂಘದ ಕೋಣೆ ಆಗ ಊರ ನಡುವಿನ ಚೌಬಾರ ಗೋಪುರದ ಹತ್ತಿರ, ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು. ಮೊದಲ ಸಲ ನಾನು ಆ ಬಾಗಿಲಲ್ಲಿ ನಿಂತಾಗ ಒಳಗೆ ಇದ್ದವರೆಲ್ಲ ಗಂಡಸರು. ಯಾರೋ ಒಬ್ಬರು ನಾನು ದೂರು ಕೊಡಲು ಬಂದವಳೆಂದು ತಿಳಿದು, ಯಾರ ಮೇಲೆ ತಕರಾರು ಎಂದು ಕೇಳಿದರು. ಮೂಲೆಯ ಮೇಜಿನ ಹಿಂದೆ ಬಿಳಿ ಧೋತರ, ಕರಿ ಟೊಪ್ಪಿಗೆಯ ಹಿರಿಯರೊಬ್ಬರು ಏನೋ ಬರೆಯುತ್ತಿದ್ದರು. ಅವರು ತಲೆ ಎತ್ತಿ ನನ್ನ ಹೆಸರು ಕೇಳಿದರು. ಶಾಂತಾ ಎಂದೆ. “ಜನವಾಡದ ಬಸ್ಸು ಬಿಡ್ಸಿದಾಕಿ ನೀನೇ ಏನವ್ವ?” ಎಂದು ಕೇಳಿ, ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಪತ್ರಿಕೆಗಳ ರಾಶಿಯನ್ನು ತಾವೇ ಎತ್ತಿ ಕೆಳಗಿಟ್ಟು, ಕೂಡು ಎಂದರು. ನನ್ನ ಸದಸ್ಯತ್ವದ ಬಗ್ಗೆ ಬೇರೆ ಚರ್ಚೆ ಆಗಲಿಲ್ಲ. ಆ ಕುರ್ಚಿ ತೆರವಾದದ್ದೇ ಚರ್ಚೆಯಾಯಿತು.

ಅವರೇ ಮಾಣಿಕರಾವ್, ನಮ್ಮ ಸಂಘದ ಅಧ್ಯಕ್ಷರು. ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದರು. ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರಾದ್ದರಿಂದ ಓದಿದ್ದು ಉರ್ದುವಿನಲ್ಲಿ. ನಡೆಸುತ್ತಿದ್ದದ್ದು ಕನ್ನಡ ವಾರಪತ್ರಿಕೆ. ಅವಸರದಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಕನ್ನಡ ಮಾತನ್ನು ಉರ್ದು ಅಕ್ಷರದಲ್ಲಿ ಬಲದಿಂದ ಎಡಕ್ಕೆ ಬರೆದುಕೊಳ್ಳುತ್ತಿದ್ದರು. ಅದನ್ನು ಅವರ ಹೊರತು ಯಾರಿಗೂ ಓದಲು ಬರುತ್ತಿರಲಿಲ್ಲ. ಆ ಕೋಣೆಯೇ ಹಾಗಿತ್ತು. ಕನ್ನಡ, ಉರ್ದು, ಮರಾಠಿ, ಹಿಂದಿ ಪತ್ರಿಕೆಯವರೆಲ್ಲ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಿದ್ದರು. ಯಾವುದೋ ಕಚೇರಿಯಿಂದ ಪ್ರಕಟಣೆ ಬಂದರೆ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತ ತಮ್ಮ ತಮ್ಮ ಭಾಷೆಗೆ ಇಳಿಸಿಕೊಳ್ಳುತ್ತಿದ್ದರು. ಒಂದು ಶಬ್ದಕ್ಕೆ ಸಿಕ್ಕಿಬಿದ್ದರೆ ಬೇರೆ ಭಾಷೆಯವರು ಎತ್ತಿ ಹಾಕುತ್ತಿದ್ದರು. ನನ್ನ ಉರ್ದು, ಮರಾಠಿ ಎಲ್ಲವೂ ಆ ಮೇಜಿನ ಕೃಪೆ.

ಸುದ್ದಿ ಕಳುಹಿಸುವುದು ಆಗ ಬಸ್ಸಿನಲ್ಲಿ. ಬರೆದದ್ದನ್ನು ಲಕೋಟೆಗೆ ಹಾಕಿ ಸಂಜೆಯ ಗುಲಬರ್ಗಾ ಬಸ್ಸಿನ ಕಂಡಕ್ಟರನಿಗೆ ಕೊಡಬೇಕು, ಅಲ್ಲಿ ಕಚೇರಿಯವರು ಬಂದು ಇಳಿಸಿಕೊಳ್ಳಬೇಕು. ಬಸ್ ನಿಲ್ದಾಣಕ್ಕೆ ಎಲ್ಲರೂ ಓಡುವುದು ಯಾಕೆಂದು ನಮ್ಮಲ್ಲಿ ಒಬ್ಬರು ಎಲ್ಲರ ಲಕೋಟೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಒಂದಕ್ಕೊಂದು ಎದುರಾಳಿಯಾದ ಪತ್ರಿಕೆಗಳ ಸುದ್ದಿಗಳು ಒಂದೇ ಚೀಲದಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗುತ್ತಿದ್ದವು. ಒಬ್ಬರ ಲಕೋಟೆಯನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡಿದ್ದು ನನಗೆ ಗೊತ್ತಿಲ್ಲ. ನೋಡಬಾರದೆಂಬ ನಿಯಮವನ್ನು ಯಾರೂ ಬರೆದಿಟ್ಟಿರಲಿಲ್ಲ.

ಆಮೇಲೆ ದೂರವಾಣಿಯಲ್ಲಿ ಸುದ್ದಿ ಹೇಳುವ ಕಾಲ ಬಂತು. ಅದರಿಂದ ಆದ ಒಂದು ಅನಾಹುತವನ್ನು ಹೇಳಲೇಬೇಕು.

ಭಾಲ್ಕಿಯ ಹತ್ತಿರದ ಭಾತಂಬ್ರಾದಲ್ಲಿ ಬಸವಂತರಾವ್ ಗುರೂಜಿ ಎಂಬ ನಿವೃತ್ತ ಮುಖ್ಯಶಿಕ್ಷಕರಿದ್ದರು. ಹಳೆಯ ವಿದ್ಯಾರ್ಥಿಗಳು ಸೇರಿ ಭಾನುವಾರ ಅವರಿಗೆ ಸತ್ಕಾರ ಇಟ್ಟುಕೊಂಡಿದ್ದರು. ನಮ್ಮ ಕಡೆ ಸನ್ಮಾನಕ್ಕೆ ಸತ್ಕಾರ ಎಂದೇ ಹೇಳುವುದು. ನಾನು ಪತ್ರಿಕೆ ಅಚ್ಚಾಗುತ್ತಿದ್ದ ಹುಬ್ಬಳ್ಳಿಯ ಕಚೇರಿಗೆ ಫೋನ್ ಮಾಡಿ, ಗುರೂಜಿಯವರ ಸತ್ಕಾರ ಭಾನುವಾರ ಭಾತಂಬ್ರಾದಲ್ಲಿ ನಡೆಯಲಿದೆ ಎಂದು ಹೇಳಿದೆ. ಲೈನು ಗೊರಗೊರ ಎನ್ನುತ್ತಿತ್ತು. ಆ ಕಡೆ ಕುಳಿತಿದ್ದ ಹೊಸ ಉಪಸಂಪಾದಕನಿಗೆ ಸತ್ಕಾರ ಎಂಬುದು ಸಂಸ್ಕಾರ ಎಂದು ಕೇಳಿಸಿತು. ಗುರೂಜಿಯ ವಯಸ್ಸನ್ನೂ ಹೇಳಿದ್ದೆನಲ್ಲ, ಅವನಿಗೆ ಸಂಶಯವೇ ಬರಲಿಲ್ಲ. ಮರುದಿನ ಪತ್ರಿಕೆಯಲ್ಲಿ ಗುರೂಜಿ ನಿಧನ ಎಂದು ದಪ್ಪ ಅಕ್ಷರದಲ್ಲಿ ಬಂತು, ಅಂತ್ಯಸಂಸ್ಕಾರ ಭಾತಂಬ್ರಾದಲ್ಲಿ ಎಂದೂ ಇತ್ತು.

ಪತ್ರಿಕೆ ನೋಡಿದವಳೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಸಂಘದ ಕೋಣೆಗೆ ಹೋದಾಗ ಮಾಣಿಕರಾವ್ ಆಗಲೇ ಓದಿದ್ದರು. ನಾಳೆ ತಿದ್ದುಪಡಿ ಹಾಕುವುದಾಗಿ ಹುಬ್ಬಳ್ಳಿಯವರು ಹೇಳಿದ್ದಾರೆ ಎಂದೆ. ಅವರು ಛತ್ರಿ ಹುಡುಕುತ್ತ ಎದ್ದರು. “ಪೇಪರಿನಾಗ ತಿದ್ದೋದು ನಾಳಿಗಿ. ಆ ಮನುಷ್ಯಾ ಇವತ್ತ ಮನ್ಯಾಗ ಕುಂತಾನಲ್ಲ? ನಡಿ, ಭಾಲ್ಕಿ ಬಸ್ ಹಿಡಿಯೋಣ.”

ಅದು ಅವರ ಪತ್ರಿಕೆಯ ತಪ್ಪಲ್ಲ. ಅವರು ಬರಬೇಕಾದ ಅಗತ್ಯವೂ ಇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಅದನ್ನೇ ಹೇಳಿದೆ. ನೀನೊಬ್ಬಳೇ ಹೋದರೆ ಅವರು ಹುಡುಗಿ ಎಂದು ಬೈಯುತ್ತಾರೆ, ಇಬ್ಬರು ಹೋದರೆ ಪತ್ರಿಕೆಯವರು ಎಂದು ಬೈಯುತ್ತಾರೆ, ಅಷ್ಟೇ ಫರಕು ಎಂದರು.

ಭಾತಂಬ್ರಾದ ಗುರೂಜಿಯ ಮನೆಯ ಮುಂದೆ ಜನ ನೆರೆದಿದ್ದರು. ಹೂಮಾಲೆ ತಂದವರು ಅದನ್ನು ಎಲ್ಲಿಡುವುದು ಎಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ಗುರೂಜಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ತೊಡೆಯ ಮೇಲೆ ಮಡಚಿದ ಪತ್ರಿಕೆ. ಅವರ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಕೈ ಮುಗಿದು ನಡೆದದ್ದನ್ನು ಹೇಳಿದೆ, ಶಬ್ದ ಹೇಗೆ ಬದಲಾಯಿತು ಎಂಬುದನ್ನೂ ಹೇಳಿದೆ. ಗುರೂಜಿ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

ಒಳಗೆ ಬನ್ನಿ, ಒಬ್ಬರನ್ನು ತೋರಿಸುತ್ತೇನೆ ಎಂದು ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಅವರಷ್ಟೇ ವಯಸ್ಸಾದವರೊಬ್ಬರು ಊಟಕ್ಕೆ ಕುಳಿತಿದ್ದರು, ಕಣ್ಣು ಕೆಂಪಾಗಿದ್ದವು. ಅವರು ಗುರೂಜಿಯ ತಮ್ಮ ನಾಗನಾಥ. ಹೊಲ ಪಾಲಾದಾಗ ಜಗಳವಾಡಿ ಮಹಾರಾಷ್ಟ್ರದ ಉದಗೀರಿಗೆ ಹೋದವರು ಅಣ್ಣನ ಮನೆಯ ಹೊಸ್ತಿಲು ಮತ್ತೆ ತುಳಿದಿರಲಿಲ್ಲ. ಭಾಲ್ಕಿಯ ನೆಂಟರು ಪತ್ರಿಕೆ ಓದಿ ಬೆಳಗ್ಗೆಯೇ ಫೋನ್ ಮಾಡಿದ್ದರು. ಸಿಕ್ಕ ಬಸ್ಸು ಹತ್ತಿ, ಊರ ಬಾಗಿಲಿನಿಂದಲೇ ಅಳುತ್ತ ಬಂದವರು ಅಂಗಳದಲ್ಲಿ ಅಣ್ಣ ಚಹಾ ಕುಡಿಯುತ್ತಿರುವುದನ್ನು ಕಂಡರು. ಆಮೇಲೆ ತಿರುಗಿ ಹೋಗಲು ಅವರಿಗೆ ಆಗಲಿಲ್ಲ.

ಗುರೂಜಿ ನನ್ನ ಕಡೆ ತಿರುಗಿ ಹೇಳಿದರು: “ನಿಮ್ಮ ಪೇಪರ್ ಸುಳ್ಳ ಬರೀತವ್ವ, ಖರೆ. ಆದ್ರ ನನ್ನ ತಮ್ಮನಿಗಿ ಮನಿಗಿ ತಂದು ಬಿಡ್ತು. ತಿದ್ದುಪಡಿ ಜರಾ ಸಣ್ಣದಾಗಿ ಹಾಕ್ರಿ. ಇಂವ ಇನ್ನಾ ನಾಕು ದಿನ ಇರ್ಲಿ.”

ಭಾನುವಾರದ ಸತ್ಕಾರಕ್ಕೂ ನಾವಿಬ್ಬರು ಹೋದೆವು. ಗುರೂಜಿಗೆ ಶಾಲು ಹೊದಿಸಿದ್ದು ನಾಗನಾಥರು. ಹುಬ್ಬಳ್ಳಿಯ ಸುದ್ದಿ ಸಂಪಾದಕರಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಆ ದಿನದಿಂದ ಬೀದರಿನ ಶಬ್ದಗಳನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಬೇಕೆಂದು ನನಗೆ, ಕೇಳಿದ್ದನ್ನು ತಿರುಗಿ ಓದಿ ಹೇಳಬೇಕೆಂದು ಉಪಸಂಪಾದಕನಿಗೆ ಅಪ್ಪಣೆ ಮಾಡಿದರು. ಬಹಳ ಕಟುವಾದ ಮನುಷ್ಯ. ಆದರೆ ಆ ಅಪ್ಪಣೆ ಮುಂದೆ ನನ್ನನ್ನು ಎಷ್ಟೋ ಸಲ ಉಳಿಸಿತು. ನೀವೂ ಪಾಲಿಸಿ. ಯಾರೇ ಹೆಸರು ಹೇಳಿದರೂ ತಿರುಗಿ ಹೇಳಿ ಹೌದೆನಿಸಿಕೊಳ್ಳಿ.

ಇನ್ನು ಔರಾದಿನ ಸಂಗತಿ. ಸಂಘ ಯಾಕೆ ಬೇಕು ಎಂಬ ಪ್ರಶ್ನೆಯನ್ನು ನಾನೇ ಕೇಳಿಕೊಂಡದ್ದು ಆಗ.

ವೈಜಿನಾಥ ಎಂಬ ತರುಣ ಠಾಣಾ ಕುಶನೂರಿನವನು. ಔರಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಬೀದರಿನ ಒಂದು ಸಣ್ಣ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದ. ನಮ್ಮ ಸಂಘದಲ್ಲಿ ಆಗ ನಗರದಲ್ಲಿದ್ದು ಪೂರ್ಣಾವಧಿ ಕೆಲಸ ಮಾಡುವವರಿಗಷ್ಟೇ ಸದಸ್ಯತ್ವ. ತಾಲ್ಲೂಕಿನ ಅರೆಕಾಲಿಕರು ಬಂದರೆ ಹೊರಗಿನ ಮೆಟ್ಟಿಲ ಮೇಲೆ ನಿಂತು ಸುದ್ದಿ ಕೊಟ್ಟು ಹೋಗುತ್ತಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ.

ಔರಾದ ತಾಲ್ಲೂಕಿನ ಒಂದು ಊರಿನ ವಿದ್ಯಾರ್ಥಿನಿಯರ ವಸತಿನಿಲಯದಲ್ಲಿ ಮಕ್ಕಳು ವಾಂತಿಭೇದಿಯಿಂದ ಮಲಗಿದರು. ಊರಿನ ಹೆಸರು ಬೇಡ. ವೈಜಿನಾಥ ಹೋಗಿ ನೋಡಿ, ಮುಚ್ಚಳವಿಲ್ಲದ ನೀರಿನ ಟಾಕಿಯ ಚಿತ್ರ ತೆಗೆದು ಸುದ್ದಿ ಮಾಡಿದ. ಟಾಕಿಯನ್ನೂ ಊಟವನ್ನೂ ನೋಡಿಕೊಳ್ಳುತ್ತಿದ್ದವನು ಒಬ್ಬ ಗುತ್ತಿಗೆದಾರ. ಸುದ್ದಿ ಅಚ್ಚಾದ ಎರಡೇ ದಿನಕ್ಕೆ ಅವನು ಪೊಲೀಸರಿಗೆ ದೂರು ಕೊಟ್ಟ. ವೈಜಿನಾಥ ತನ್ನ ಮನೆಗೆ ಬಂದು ಹಣ ಕೇಳಿದ, ಕೊಡದಿದ್ದಕ್ಕೆ ಸುಳ್ಳು ಬರೆದ ಎಂದು. ಪೊಲೀಸರು ವೈಜಿನಾಥನನ್ನು ಠಾಣೆಗೆ ಕರೆಸಿ ಕೂಡಿಸಿಕೊಂಡರು.

ಸಂಘದಲ್ಲಿ ತುರ್ತು ಸಭೆ ಸೇರಿತು. ನಮ್ಮಲ್ಲಿ ಶರಣಪ್ಪ ಎಂಬಾತ ಇದ್ದ. ದೊಡ್ಡ ಪತ್ರಿಕೆಯ ವರದಿಗಾರ, ಜಿಲ್ಲೆಯಲ್ಲೇ ಚುರುಕಾದ ಲೇಖನಿ, ಯಾರ ಮುಲಾಜಿಗೂ ಬೀಳದವನು. ಅವನು ಎದ್ದು ವಿರೋಧಿಸಿದ. ಗಾಡಿಯ ಮೇಲೆ ಪತ್ರಿಕೆಯ ಹೆಸರು ಬರೆಸಿಕೊಂಡು ವಸೂಲಿಗೆ ಇಳಿದವರನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದ. ಈ ವೈಜಿನಾಥ ಅಂಥವನಲ್ಲ ಎಂದು ಯಾರು ಹೇಳಬೇಕು ಎಂದು ಕೇಳಿದ. “ನಾವು ಸುಳ್ಳಿನವನ ಪರ ನಿಂತ್ರ, ನಾಳಿ ಖರೇ ಇದ್ದವನಿಗಿ ಯಾರೂ ನಂಬಂಗಿಲ್ರಿ.”

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅಂಥವರು ಇದ್ದರು, ಈಗಲೂ ಇದ್ದಾರೆ. ಮಾಣಿಕರಾವ್, “ನಿನಗ ಶಂಕಿ ಅದಾ ಅಲ್ಲ? ಹಂಗಾದ್ರ ನೀನೇ ನಡಿ ನನ್ನ ಜೋಡಿ” ಎಂದರು. ವಸತಿನಿಲಯದ ಹುಡುಗಿಯರ ಜೊತೆ ಮಾತಾಡಲು ಬೇಕೆಂದು ನನ್ನನ್ನೂ ಕರೆದರು. ಮೂವರೂ ಔರಾದ ಬಸ್ಸು ಹತ್ತಿದೆವು.

ವಸತಿನಿಲಯದ ಮೇಲ್ವಿಚಾರಕಿ ಸರೋಜಿನಿ ನನಗೆ ಚರ್ಚಿನಿಂದ ಪರಿಚಯದವಳು, ಅವಳ ತಾಯಿ ನನ್ನ ತಾಯಿಯ ಜೊತೆ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವರು. ಹುಡುಗಿಯರ ಜೊತೆ ಮಾತು ಮುಗಿಸಿ ನಾನು ಹೊರಡುವಾಗ ಅವಳು ಅಡುಗೆಮನೆಯ ಹಿಂದಕ್ಕೆ ಕರೆದಳು. ಗುತ್ತಿಗೆದಾರ ವಸತಿನಿಲಯದ ಗೇಟಿನಲ್ಲೇ ವೈಜಿನಾಥನಿಗೆ ದುಡ್ಡು ಕೊಡಲು ಬಂದದ್ದನ್ನು, ಅವನು ಕೈ ಹಿಂದೆ ಕಟ್ಟಿಕೊಂಡು ನಿಂತದ್ದನ್ನು ತಾನು ನೋಡಿದ್ದೇನೆ ಎಂದಳು. ಅವಳದು ಹಂಗಾಮಿ ನೌಕರಿ. “ನಾ ಹೇಳಿನಿ ಅಂತ ಗೊತ್ತಾದ್ರ ನಾಳಿಂದ ನನಗ ಇಲ್ಲಿ ಜಾಗಾ ಇಲ್ಲ ಶಾಂತಾ. ಮಕ್ಕಳಿಗಿ ಹ್ಯಾಂಗ ಸಾಕ್ಲಿ?” ಎಂದು ಸೆರಗು ಹಿಂಡಿದಳು. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟೆ.

ಹೊರಗೆ ಬಂದು ಇಬ್ಬರಿಗೂ ಹೇಳಿದೆ, ವೈಜಿನಾಥ ದುಡ್ಡು ಕೇಳಿಲ್ಲ, ಕೊಟ್ಟದ್ದನ್ನೂ ಮುಟ್ಟಿಲ್ಲ, ಇದು ನನಗೆ ಖಚಿತವಾಗಿ ಗೊತ್ತಾಗಿದೆ, ಆದರೆ ಯಾರು ಹೇಳಿದರೆಂದು ಹೇಳಲಾರೆ. ಶರಣಪ್ಪನಿಗೆ ಸಿಟ್ಟು ಬಂತು. ಹೆಸರಿಲ್ಲದ ಮಾತನ್ನು ಠಾಣೆಯಲ್ಲಿ ಯಾರು ಕೇಳುತ್ತಾರೆ ಎಂದ. ಮಾಣಿಕರಾವ್ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಶಾಂತಾ ಹೇಳ್ಯಾಳ, ನನಗ ಸಾಕು. ನಿನಗ ಸಾಕೋ ಇಲ್ಲೋ ನೀ ನೋಡ್ಕೊ” ಎಂದು ಅವನಿಗೆ ಹೇಳಿ ಠಾಣೆಯ ಕಡೆ ನಡೆದರು. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಮುಂದೆ ಬಂದ ಶಾಲು, ಫಲಕಗಳೆಲ್ಲ ಅದರ ಮುಂದೆ ಸಣ್ಣವು.

ಠಾಣೆಯಲ್ಲಿ ವೈಜಿನಾಥ ಒಂದು ಬೆಂಚಿನ ತುದಿಗೆ ಕುಳಿತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಇನ್‌ಸ್ಪೆಕ್ಟರ್ ಸಭ್ಯ ಮನುಷ್ಯ. ದೂರು ಬಂದ ಮೇಲೆ ವಿಚಾರಣೆ ಮಾಡಲೇಬೇಕಲ್ಲ ಎಂದು, ದೂರಿನಲ್ಲಿ ಇದ್ದದ್ದನ್ನು ನಮಗೆ ಓದಿ ಹೇಳಿದರು. ಇಂಥ ದಿನ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಔರಾದಿನ ತನ್ನ ಮನೆಗೆ ವೈಜಿನಾಥ ಬಂದ ಎಂದು ಗುತ್ತಿಗೆದಾರ ಬರೆದುಕೊಟ್ಟಿದ್ದ.

ಶರಣಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕುಳಿತಿದ್ದವನು ನಿಧಾನವಾಗಿ ಮುಂದಕ್ಕೆ ಬಾಗಿದ. ಆ ಮಾತನ್ನು ಇನ್ನೊಮ್ಮೆ ಓದಿ ಎಂದ. ಅವರು ಓದಿದರು. ಅವನ ಮುಖ ಕಪ್ಪಿಟ್ಟಿತು. ಅವನು ಅಲ್ಲಿ ಸುಮ್ಮನಿದ್ದುಬಿಟ್ಟಿದ್ದರೆ ನಮಗೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

“ಸಾಹೇಬ್ರ, ಅವತ್ತು ಸಂಜಿಗಿ ಇಂವ ಬೀದರಿನ್ಯಾಗ ನಮ್ಮ ಸಂಘದ ಮೆಟ್ಟಿಲ ಮ್ಯಾಲ ನಿಂತಿದ್ದ. ಟಾಕಿ ಫೋಟೋ ತಂದಿದ್ದ. ನಾನೇ ನೋಡಿನಿ. ಒಳಗ ಬಾ ಅಂತ ಕರೀಲಿಲ್ಲ, ಅದೂ ನಾನೇ. ನಂದು ಗವಾಹಿ ಬರ್ಕೋರಿ.”

ಮಾಣಿಕರಾವ್ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ವೈಜಿನಾಥ ಆಗ ಮೊದಲ ಸಲ ಅತ್ತ. ಶರಣಪ್ಪ ತನ್ನ ಹೇಳಿಕೆಯನ್ನು ಬರೆಸಿ, ಸಹಿ ಹಾಕಿ, ಅಗತ್ಯ ಬಿದ್ದರೆ ಕೋರ್ಟಿಗೂ ಬರುತ್ತೇನೆ ಎಂದ. ಆ ಗುತ್ತಿಗೆದಾರ ಸಣ್ಣ ಮನುಷ್ಯನೇನಲ್ಲ, ಶರಣಪ್ಪನ ಪತ್ರಿಕೆಯ ಮಾಲೀಕರವರೆಗೂ ಕೈ ಇದ್ದವನು. ಅದು ನಮಗೆಲ್ಲ ಗೊತ್ತಿತ್ತು, ಶರಣಪ್ಪನಿಗೂ ಗೊತ್ತಿತ್ತು. ಮಾಲೀಕರ ಕಡೆಯಿಂದ ಒಂದು ಫೋನೂ ಬಂತು. ತಾನು ನೋಡಿದ್ದನ್ನು ನೋಡಿಲ್ಲ ಎಂದು ಹೇಳಲು ತನಗೆ ಸಂಬಳ ಕೊಡುತ್ತಿಲ್ಲವಲ್ಲ ಎಂದು ಅವನು ಉತ್ತರ ಕೊಟ್ಟನಂತೆ. ಗುತ್ತಿಗೆದಾರ ದೂರನ್ನು ಹಿಂದಕ್ಕೆ ಪಡೆದ. ಟಾಕಿಗೆ ಮುಚ್ಚಳ ಬಂತು. ಸರೋಜಿನಿಯ ಹೆಸರು ಎಲ್ಲೂ ಬರಲಿಲ್ಲ, ಅವಳು ಅದೇ ವಸತಿನಿಲಯದಲ್ಲಿ ಇದ್ದು ಕಾಯಂ ಆದಳು.

ಮುಂದಿನ ಸಭೆಯಲ್ಲಿ ತಾಲ್ಲೂಕಿನ ವರದಿಗಾರರಿಗೂ ಸದಸ್ಯತ್ವ ಕೊಡಬೇಕೆಂದು ಎದ್ದು ನಿಂತು ಹೇಳಿದವನು ಶರಣಪ್ಪನೇ. ಸುದ್ದಿಗೆ ದುಡ್ಡು ಮುಟ್ಟಿದ್ದು ರುಜುವಾತಾದರೆ ಹೊರಗೆ ಹಾಕಬೇಕು, ಅದು ನಗರದವರಿಗೂ ಅನ್ವಯಿಸಬೇಕು ಎಂಬ ಷರತ್ತನ್ನೂ ಸೇರಿಸಿದ. ಒಬ್ಬಿಬ್ಬರು ಗೊಣಗಿದರು. ಮಾಣಿಕರಾವ್ “ಕೈ ಎತ್ತಿ” ಎಂದಾಗ ಎಲ್ಲರ ಕೈಯೂ ಮೇಲೆ ಹೋಯಿತು.

ಆಮೇಲೆ ಕಾಲ ಬೇಗ ಬೇಗ ಬದಲಾಯಿತು. ಫ್ಯಾಕ್ಸ್ ಬಂತು, ಅದರ ಕಾಗದದ ಮೇಲಿನ ಅಕ್ಷರ ಕೆಲವೇ ದಿನಗಳಲ್ಲಿ ಮಾಸಿಹೋಗುತ್ತಿತ್ತು. ಕಂಪ್ಯೂಟರ್ ಬಂತು, ಅದನ್ನು ಸಂಘಕ್ಕೆ ತಂದ ದಿನ ಮಾಣಿಕರಾವ್ ಒಂದು ಬೆರಳಿನಿಂದ ತಮ್ಮ ಹೆಸರನ್ನು ಬರೆದು ಮಗುವಿನಂತೆ ನೋಡುತ್ತ ಕುಳಿತರು. ಮೊಬೈಲ್ ಬಂದಾಗ ನಾನು ಹೆದರಿದೆ, ವಾಟ್ಸಾಪ್ ಬಂದಾಗ ಇನ್ನೂ ಹೆದರಿದೆ. ಕೋಣೆಯಲ್ಲಿ ಕುಳಿತೇ ಎಲ್ಲವೂ ಸಿಗತೊಡಗಿತು. ಒಬ್ಬ ಬರೆದದ್ದನ್ನೇ ಹತ್ತು ಜನ ತಿದ್ದಿ ಕಳುಹಿಸತೊಡಗಿದರು, ಒಂದು ತಪ್ಪಾದರೆ ಹತ್ತೂ ಪತ್ರಿಕೆಯಲ್ಲಿ ಒಂದೇ ತಪ್ಪು. ಹೊಸ ಹುಡುಗರು ನನ್ನನ್ನು ಕಾಪಾಡಿದರು. ಚಿತ್ರ ಕಳುಹಿಸುವುದನ್ನು, ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಬೇಸರವಿಲ್ಲದೆ ಹೇಳಿಕೊಟ್ಟರು. ಅವರ ಉಪಕಾರವೂ ನನ್ನ ಮೇಲಿದೆ.

ಮಾಣಿಕರಾವ್ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಆ ಸಂಜೆ ನಾವೆಲ್ಲ ಮೇಜಿನ ಸುತ್ತ ಕುಳಿತು ಅವರ ಬಗ್ಗೆ ನಮ್ಮ ನಮ್ಮ ಭಾಷೆಯಲ್ಲಿ ಬರೆದೆವು. ಬರೆದದ್ದನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿದೆವು. ಉರ್ದು ಪತ್ರಿಕೆಯವರು ಅರ್ಧ ಓದಿ ಕಣ್ಣೊರೆಸಿಕೊಳ್ಳತೊಡಗಿದರು, ಉಳಿದದ್ದನ್ನು ಶರಣಪ್ಪ ಅವರ ಕೈಯಿಂದ ತೆಗೆದುಕೊಂಡು ಓದಿದ. ಅವನಿಗೆ ಉರ್ದು ಓದಲು ಬರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮಾಣಿಕರಾವ್ ಅವರಿಂದಲೇ ಕಲಿತಿದ್ದನಂತೆ.

ಕೆಲವು ವರ್ಷಗಳ ನಂತರ ಶರಣಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ನಾಲಿಗೆ ಹೊರಳುತ್ತಿರಲಿಲ್ಲ. ಅವನ ನಿವೃತ್ತಿಗೆ ಇನ್ನೂ ಸಮಯವಿತ್ತು, ಮಗಳು ನರ್ಸಿಂಗ್ ಓದುತ್ತಿದ್ದಳು. ಅವನ ಪತ್ರಿಕೆ ಆಗ ಜಿಲ್ಲೆಗಳಲ್ಲಿ ಜನರನ್ನು ಕಡಿಮೆ ಮಾಡುತ್ತಿತ್ತು. ಬೀದರಿನಿಂದ ಸುದ್ದಿ ನಿಂತರೆ ಅವನ ಜಾಗವೂ ಹೋಗುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ವೈಜಿನಾಥ ಔರಾದಿನಿಂದ ಓಡಿ ಬಂದ. ಆಸ್ಪತ್ರೆಯಲ್ಲಿ ಶರಣಪ್ಪನನ್ನು ನೋಡಿಕೊಂಡು ನೇರವಾಗಿ ಸಂಘಕ್ಕೆ ಬಂದು, “ಅವರ ಹೆಸರಿಲೆ ನಾವು ಬರಿಯೋಣ್ರಿ. ಸರ್ ಎದ್ದು ಕೂಡೋತನಕ” ಎಂದ.

ಯಾರೂ ಬೇಡ ಎನ್ನಲಿಲ್ಲ. ಆದರೆ ಪತ್ರಿಕೆಯವರಿಗೆ ಗೊತ್ತಿಲ್ಲದೆ ಮಾಡುವುದು ಸರಿಯಲ್ಲ, ನಾಳೆ ತಿಳಿದರೆ ಶರಣಪ್ಪನಿಗೇ ತೊಂದರೆ ಎಂದು ನನಗನಿಸಿತು. ಕಲಬುರಗಿಯಲ್ಲಿದ್ದ ಅವನ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, “ಶಾಂತಾ ಮೇಡಂ, ಬೀದರಿನ ಸುದ್ದಿ ಹೊತ್ತಿಗಿ ಬಂದ್ರ ಸಾಕು. ಯಾರ ಕೈಲೆ ಬಂತು ಅಂತ ನಾ ಕೇಳಂಗಿಲ್ರಿ” ಎಂದರು. ಮೇಲಿನವರನ್ನು ಬೈಯುವುದು ನಮ್ಮ ವೃತ್ತಿಯ ಹವ್ಯಾಸ. ಇಂಥವರೂ ಇದ್ದರು ಎಂದು ಬರೆದಿಡುವುದು ನನ್ನ ಕರ್ತವ್ಯ.

ಅಂದಿನಿಂದ ಎದುರಾಳಿ ಪತ್ರಿಕೆಗಳವರೆಲ್ಲ ಸರದಿಯ ಮೇಲೆ ಶರಣಪ್ಪನ ಪತ್ರಿಕೆಗೆ ಸುದ್ದಿ ಬರೆದರು. ತಮಗಷ್ಟೇ ಸಿಕ್ಕ ಒಳ್ಳೆಯ ಸುದ್ದಿಯನ್ನೂ ಕೊಟ್ಟರು. ಮರಾಠಿಯವರು ಮರಾಠಿಯಲ್ಲಿ ಬರೆದುಕೊಡುತ್ತಿದ್ದರು, ನಾನು ಕನ್ನಡ ಮಾಡುತ್ತಿದ್ದೆ. ಹೆಚ್ಚಿನ ಭಾರ ಹೊತ್ತವನು ವೈಜಿನಾಥ. ಅಂಗಡಿಯನ್ನು ತಮ್ಮನಿಗೆ ಬಿಟ್ಟು ವಾರದಲ್ಲಿ ಹೆಚ್ಚು ದಿನ ಬೀದರಿನಲ್ಲೇ ಇರುತ್ತಿದ್ದ.

ಅಚ್ಚಾದ ಸುದ್ದಿಗಳನ್ನು ಶರಣಪ್ಪನ ಹೆಂಡತಿ ಅವನಿಗೆ ಓದಿ ಹೇಳುತ್ತಿದ್ದಳು. ವೈಜಿನಾಥನ ವಾಕ್ಯಗಳು ಉದ್ದ, ದರ್ಜಿಯ ದಾರದ ಹಾಗೆ ಎಳೆದಷ್ಟೂ ಬರುತ್ತಿದ್ದವು. ಶರಣಪ್ಪನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಮುಖ ಸಿಂಡರಿಸುತ್ತಿದ್ದ, ಎಡಗೈ ಬೀಸುತ್ತಿದ್ದ. ಒಂದು ಬೆಳಗ್ಗೆ ಹೆಂಡತಿ ಓದುತ್ತಿರುವಾಗ ತೊದಲುತ್ತ, “ಪೂರ್ಣವಿರಾಮ... ಹಾಕು ಅನ್ನು... ಅವಂಗ” ಎಂದನಂತೆ. ಕಾಯಿಲೆ ಬಿದ್ದ ಮೇಲೆ ಅವನು ಆಡಿದ ಮೊದಲ ಪೂರ್ತಿ ಮಾತು ಅದು. ಆಕೆ ಅಳುತ್ತ ನನಗೆ ಫೋನ್ ಮಾಡಿದಳು. ವಿಷಯ ತಿಳಿದ ವೈಜಿನಾಥ ಬೇಕೆಂದೇ ಇನ್ನೂ ಉದ್ದುದ್ದ ವಾಕ್ಯ ಬರೆಯತೊಡಗಿದ. ಬೈದು ಬೈದೇ ಶರಣಪ್ಪನ ಮಾತು ತಿರುಗಿ ಬಂತು ಎಂದರೆ ಡಾಕ್ಟರು ಒಪ್ಪುವುದಿಲ್ಲ. ನಾವೆಲ್ಲ ಹಾಗೆಯೇ ನಂಬಿದ್ದೇವೆ.

ಅವನು ಕೋಲು ಹಿಡಿದು ಸಂಘದ ಕೋಣೆಗೆ ಬರುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಕೆಲಸವಿಲ್ಲದಿದ್ದರೂ ಸಂಜೆ ಅಲ್ಲಿಗೆ ಹೋಗಿ ಕುಳಿತುಕೊಳ್ಳುವುದನ್ನು ಬಿಟ್ಟಿರಲಿಲ್ಲ. ಆ ಮಳೆಗಾಲದಲ್ಲಿ ಠಾಣಾ ಕುಶನೂರಿನ ಹತ್ತಿರ ಒಂದು ಹಳ್ಳದ ಸೇತುವೆ ಕೊಚ್ಚಿಹೋಗಿ, ಶಾಲೆಯ ಮಕ್ಕಳು ಹಗ್ಗ ಹಿಡಿದು ದಾಟುತ್ತಿದ್ದರು. ತಾನೇ ನೋಡಿ ಬರೆಯಬೇಕೆಂದು ಶರಣಪ್ಪ ಹಟ ಹಿಡಿದ. ವೈಜಿನಾಥ ಪರಿಚಯದವರ ಕಾರು ತಂದು, ಕೆಸರಿನಲ್ಲಿ ತೋಳು ಹಿಡಿದು ನಡೆಸಿ, ಹಳ್ಳದವರೆಗೂ ಕರೆದುಕೊಂಡು ಹೋಗಿ ಬಂದ.

ಮರಳಿ ಬಂದು ಶರಣಪ್ಪ ಕಂಪ್ಯೂಟರಿನ ಮುಂದೆ ಕುಳಿತ. ಎಡಗೈಯ ಒಂದು ಬೆರಳಿನಿಂದ ಅಕ್ಷರ ಅಕ್ಷರ ಹುಡುಕಿ ಒತ್ತತೊಡಗಿದ. ನೆರವಿಗೆ ಹೋದವರನ್ನು ಕಣ್ಣಿನಿಂದಲೇ ಹಿಂದಕ್ಕೆ ಕಳುಹಿಸಿದ. ನಾವು ನಮ್ಮ ನಮ್ಮ ಕೆಲಸ ಮಾಡುತ್ತಿರುವಂತೆ ನಟಿಸುತ್ತ ಕುಳಿತೆವು. ಸುದ್ದಿ ಸಣ್ಣದು, ವಾಕ್ಯಗಳು ಹಳೆಯ ಶರಣಪ್ಪನವೇ, ಒಂದು ಶಬ್ದವೂ ಹೆಚ್ಚಿಲ್ಲ. ಕೊನೆಗೆ ತನ್ನ ಹೆಸರನ್ನು ಒತ್ತಿದ. ಅದರ ಪಕ್ಕದಲ್ಲಿ ಮತ್ತೆ ನಿಧಾನವಾಗಿ ಒತ್ತತೊಡಗಿದ: ಮತ್ತು ವೈಜಿನಾಥ, ಔರಾದ.

ಹಿಂದೆ ನಿಂತಿದ್ದ ವೈಜಿನಾಥ ಗಾಬರಿಯಾದ. “ನಾ ಬ್ಯಾರೆ ಪೇಪರಿನಾಂವ ಇದ್ದೀನ್ರಿ ಸರ್. ಅವರು ತೆಗೀತಾರ.”

“ತೆಗೀಲಿ” ಎಂದ ಶರಣಪ್ಪ. “ನಾ ಬರ್ದೀನಿ.”

ಮರುದಿನ ಪತ್ರಿಕೆಯಲ್ಲಿ ಶರಣಪ್ಪನ ಹೆಸರೊಂದೇ ಇತ್ತು. ಅವರು ತೆಗೆದದ್ದರಲ್ಲಿ ತಪ್ಪೇನಿಲ್ಲ, ನಾನು ಆ ಕಡೆ ಕುಳಿತಿದ್ದರೂ ತೆಗೆಯುತ್ತಿದ್ದೆ. ಆದರೆ ಅವನು ಕಳುಹಿಸುವ ಮೊದಲು ನಾವೆಲ್ಲ ಎದ್ದು ಬಂದು ಅವನ ಬೆನ್ನ ಹಿಂದೆ ನಿಂತು, ಆ ಎರಡೂ ಹೆಸರುಗಳನ್ನು ಓದಿದ್ದೆವು.